ಕಾಲುವೆ ದಾಟಿದರೆ ಸ್ಟೇಷನ್

ಮೇನೂತ್ ಊರಿನ ಕಡೆಯಿಂದ ರೈಲು ಹಿಡಿಯಲು ಹೊರಟರೆ ಮೊದಲು ಸಿಗುವುದು ಕಾಲುವೆ. ಅದರ ಮೇಲೆ ನಡೆದು ಹೋಗುವವರಿಗೆ ಒಂದು ಸಣ್ಣ ಸೇತುವೆ. ಅದನ್ನು ದಾಟಿದರೆ ಸ್ಟೇಷನ್. ಬೆಳಿಗ್ಗೆ ಏಳರ ಹೊತ್ತಿಗೆ ಆ ಸೇತುವೆ ಮೇಲೆ ಯಾರೂ ನಿಲ್ಲುವುದಿಲ್ಲ. ಎಲ್ಲರ ಕಣ್ಣೂ ಗಡಿಯಾರದ ಮೇಲೆ, ಕೈಯಲ್ಲಿ ಟಿಕೆಟ್ಟಿನ ಬದಲು ತೋರಿಸುವ ಲೀಪ್ ಕಾರ್ಡ್. ನಾನು ಎರಡು ನಿಮಿಷ ಮುಂಚೆ ಮನೆ ಬಿಡುತ್ತೇನೆ. ಆ ಎರಡು ನಿಮಿಷ ಸೇತುವೆಗೆ ಅಂತಲೇ ಇಟ್ಟದ್ದು.

ಚಳಿಗಾಲದಲ್ಲಿ ಆಗಿನ್ನೂ ಕತ್ತಲೆ. ಪ್ಲಾಟ್‌ಫಾರ್ಮಿನ ದೀಪಗಳು ನೀರಿನ ಮೇಲೆ ಉದ್ದುದ್ದ ಗೆರೆಗಳಾಗಿ ಬಿದ್ದಿರುತ್ತವೆ. ಜೊಂಡಿನ ಒಳಗಿಂದ ನೀರುಕೋಳಿ ಒಂದು ಸಲ ಕೂಗಿ ಸುಮ್ಮನಾಗುತ್ತದೆ. ಒಂದು ಜೋಡಿ ಹಂಸ ಇದೆ. ಕತ್ತು ಬೆನ್ನಿನೊಳಗೆ ಹುದುಗಿಸಿಕೊಂಡು ದಡದ ಹತ್ತಿರ ಮಲಗಿರುತ್ತವೆ. ಪಕ್ಕದಲ್ಲೇ ಡೀಸೆಲ್ ರೈಲು ಗುರ್ರೆನ್ನುತ್ತಾ ನಿಂತಿದ್ದರೂ ಅವು ಏಳುವುದಿಲ್ಲ. ರೈಲಿನ ಮೊದಲ ಬೋಗಿಗೆ ಹತ್ತುವ ಅಷ್ಟೂ ಜನರಿಗಿಂತ ಅವಕ್ಕೇ ಆ ಸದ್ದು ಜಾಸ್ತಿ ರೂಢಿಯಾಗಿದೆ ಅನಿಸುತ್ತದೆ.

ಮೇನೂತ್ ಇರುವುದು ಐರ್ಲೆಂಡಿನ ಕಿಲ್ಡೇರ್ ಕೌಂಟಿಯಲ್ಲಿ. ಡಬ್ಲಿನ್‌ನಿಂದ ಸುಮಾರು 25 ಕಿಲೋಮೀಟರ್. ಸ್ಟೇಷನ್ ಬೋರ್ಡಿನಲ್ಲಿ ಇಂಗ್ಲಿಷ್ ಹೆಸರಿನ ಜೊತೆ ಐರಿಶ್ ಹೆಸರೂ ಇದೆ. ಅದರ ಅರ್ಥ ನೂಅದ ಅನ್ನುವವನ ಬಯಲು. ಬಯಲು ಅನ್ನುವ ಮಾತು ಇವತ್ತಿಗೂ ಸರಿಯಾಗಿ ಒಪ್ಪುತ್ತದೆ. ಗುಡ್ಡ ಇಲ್ಲ, ಏರು ಇಲ್ಲ, ಎತ್ತ ನೋಡಿದರೂ ಹಸಿರು ಸಮತಟ್ಟು. ಈ ಊರಿಗೆ ಮನೆ ಬದಲಾಯಿಸಿದಾಗ ನಮಗೆ ಇದ್ದ ಕಾರಣ ಎಲ್ಲರದ್ದೇ. ಡಬ್ಲಿನ್‌ನಲ್ಲಿ ಬಾಡಿಗೆ ಕಟ್ಟಿ ಸಾಕಾಗಿತ್ತು, ಇಲ್ಲಿ ರೈಲು ಇತ್ತು. ಕಾಲುವೆಯ ಬಗ್ಗೆ ನಾವು ಯೋಚಿಸಿಯೂ ಇರಲಿಲ್ಲ.

ಈಗ ನನಗೆ ಈ ಊರಿನಲ್ಲಿ ಅತಿ ಇಷ್ಟವಾದದ್ದು ಯಾವುದು ಅಂತ ಕೇಳಿದರೆ, ಆ ಕಾಲುವೆಗೂ ಸ್ಟೇಷನ್ನಿಗೂ ನಡುವೆ ಇರುವ ಸಂಬಂಧ ಅನ್ನುತ್ತೇನೆ. ಅವೆರಡೂ ಅಕ್ಕಪಕ್ಕ ಇರುವುದು ಆಕಸ್ಮಿಕ ಅಲ್ಲ.

ಕಾಲುವೆ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಗದ್ದೆ. ನೀರು ಹರಿಯಬೇಕು, ತೂಬು ಎತ್ತಬೇಕು, ಬೆಳೆಗೆ ಉಣಿಸಬೇಕು. ಇದು ಆ ಥರದ ಕಾಲುವೆ ಅಲ್ಲ. ಇದು ದಾರಿ. ನೀರಿನಿಂದ ಮಾಡಿದ ರಸ್ತೆ. ಹೆಸರು ರಾಯಲ್ ಕೆನಾಲ್. ತೋಡಲು ಶುರು ಮಾಡಿದ್ದು 1790ರಲ್ಲಿ. ಡಬ್ಲಿನ್‌ನಿಂದ ಹೊರಟು ದೇಶದ ನಡುವಿನ ಶ್ಯಾನನ್ ನದಿ ಮುಟ್ಟಿದ್ದು 1817ರಲ್ಲಿ. ಅಷ್ಟು ಹೊತ್ತಿಗೆ ತೋಡಲು ಹೊರಟ ಕಂಪನಿಯೇ ದಿವಾಳಿಯಾಗಿ, ಸರ್ಕಾರ ಕೈ ಹಾಕಿ ಮುಗಿಸಬೇಕಾಯಿತು. ಉದ್ದ ಸುಮಾರು 146 ಕಿಲೋಮೀಟರ್, ದಾರಿಯಲ್ಲಿ 46 ಲಾಕ್‌ಗಳು. ಲಾಕ್ ಅಂದರೆ ಎರಡು ದೊಡ್ಡ ಬಾಗಿಲುಗಳ ನಡುವಿನ ಕಲ್ಲಿನ ತೊಟ್ಟಿ. ದೋಣಿಯನ್ನು ಒಳಗೆ ಬಿಟ್ಟು ಬಾಗಿಲು ಹಾಕಿ ನೀರು ತುಂಬಿದರೆ ದೋಣಿ ಮೆಲ್ಲಗೆ ಮೇಲೇಳುತ್ತದೆ, ಎದುರಿನ ಬಾಗಿಲು ತೆಗೆದರೆ ಮೇಲಿನ ಮಟ್ಟದ ಕಾಲುವೆಗೆ ಹೋಗುತ್ತದೆ. ನೀರಿಗೆ ಮೆಟ್ಟಿಲು ಕಟ್ಟಿದ ಹಾಗೆ. ದೋಣಿ ಎಳೆಯುತ್ತಿದ್ದದ್ದು ದಡದ ಮೇಲೆ ನಡೆಯುವ ಕುದುರೆ.

ನಕ್ಷೆ ನೋಡಿದರೆ ಮೇನೂತ್ ಹತ್ತಿರ ಈ ಕಾಲುವೆ ಕಷ್ಟಪಟ್ಟು ಬಂದಿರುವುದು ಕಾಣುತ್ತದೆ. ಅದಕ್ಕೆ ಕಾರಣ ಲೆನ್‌ಸ್ಟರ್‌ನ ಡ್ಯೂಕ್. ಊರಾಚೆಯ ಕಾರ್ಟನ್ ಹೌಸ್ ಅವರ ಬಂಗಲೆ. ಕಾಲುವೆಗೆ ಅವರೂ ದುಡ್ಡು ಹಾಕಿದ್ದರು, ಹಾಗಾಗಿ ಅದು ತಮ್ಮ ಊರಿನ ಮೇಲೇ ಹೋಗಬೇಕು ಅಂದರು. ಅವರ ಮಾತು ನಡೆಯಿತು. ಅದಕ್ಕಾಗಿ ಡಬ್ಲಿನ್ ಕಡೆಗಿರುವ ಪಕ್ಕದ ಊರು ಲೀಕ್ಸ್‌ಲಿಪ್ ಹತ್ತಿರ ರೈ ಅನ್ನುವ ಹೊಳೆಯ ಮೇಲೆ ಗುಡ್ಡದಷ್ಟು ಎತ್ತರ ಮಣ್ಣು ಪೇರಿಸಿ, ಅದರ ನೆತ್ತಿಯ ಮೇಲೆ ಕಾಲುವೆ ಹರಿಸಬೇಕಾಯಿತು. ಮೇನೂತ್‌ನಲ್ಲಿ ಕಾಲುವೆ ಅಗಲವಾಗಿ ಕೊಳದಂತೆ ಆಗುವ ಜಾಗಕ್ಕೆ ಈಗಲೂ ಡ್ಯೂಕ್ಸ್ ಹಾರ್ಬರ್ ಅಂತಲೇ ಹೆಸರು. ದೋಣಿ ತಿರುಗಿಸಲು, ಸರಕು ಇಳಿಸಲು ಮಾಡಿದ ಜಾಗ. ಸ್ಟೇಷನ್ನಿನ ಎದುರಿಗೇ ಇದೆ. ಒಬ್ಬ ಶ್ರೀಮಂತರ ಹಟದಿಂದ ಕಾಲುವೆ ಇಲ್ಲಿಗೆ ಬಂತು. ಕಾಲುವೆ ಇದ್ದದ್ದರಿಂದ ರೈಲು ಇಲ್ಲಿಗೆ ಬಂತು. ರೈಲು ಇದ್ದದ್ದರಿಂದ ನಾವು ಬಂದೆವು.

ರೈಲು ಬಂದ ಬಗೆ ನನಗೆ ಬಹಳ ಕುತೂಹಲದ ವಿಷಯ. ಮಿಡ್‌ಲ್ಯಾಂಡ್ ಗ್ರೇಟ್ ವೆಸ್ಟರ್ನ್ ರೈಲ್ವೆ ಅನ್ನುವ ಕಂಪನಿ ಡಬ್ಲಿನ್‌ನಿಂದ ಪಶ್ಚಿಮಕ್ಕೆ ಹಳಿ ಹಾಕಲು ಹೊರಟಿತು. ಹಳಿಗೆ ಬೇಕಾದದ್ದು ಎರಡು: ಏರುಪೇರು ಇಲ್ಲದ ನೆಲ, ಮತ್ತು ಸಾವಿರ ಜನರ ಹತ್ತಿರ ಚೌಕಾಶಿ ಮಾಡದೆ ಸಿಗುವ ಜಾಗ. ಎರಡೂ ಕಾಲುವೆಯವರ ಹತ್ತಿರ ಇತ್ತು. 1845ರಲ್ಲಿ ರೈಲ್ವೆಯವರು ಇಡೀ ಕಾಲುವೆಯನ್ನೇ ಕೊಂಡುಕೊಂಡರು, 2,98,059 ಪೌಂಡಿಗೆ. ಅವರಿಗೆ ಬೇಕಾಗಿದ್ದದ್ದು ನೀರಲ್ಲ, ದಡ. ಆದರೆ ಕಾಲುವೆಯನ್ನು ಮುಚ್ಚುವ ಹಾಗಿಲ್ಲ, ದೋಣಿ ಓಡುವಂತೆ ಕಾಪಾಡಿಕೊಂಡು ಹೋಗಬೇಕು ಅಂತ ಕಾನೂನಿನಲ್ಲೇ ಬರೆಯಲಾಯಿತು. ಆ ಒಂದು ಷರತ್ತು ಇಲ್ಲದಿದ್ದರೆ ನಾನು ಈಗ ಸೇತುವೆ ಮೇಲೆ ನಿಂತು ನೋಡಲು ಏನೂ ಇರುತ್ತಿರಲಿಲ್ಲ. ನೀರು ಸೊಂಯ್ ಅಂತ ಬಳಸಿ ಹೋದ ಕಡೆಯೆಲ್ಲ ಹಳಿಯೂ ಬಳಸಿಕೊಂಡು ಹೋಗುತ್ತದೆ. ರೈಲು ಈಗಲೂ ಕುದುರೆ ನಡೆದ ತಿರುವುಗಳಲ್ಲೇ ವಾಲಿಕೊಂಡು ಓಡುತ್ತದೆ.

ಮೇನೂತ್‌ಗೆ ಮೊದಲ ರೈಲು ಬಂದದ್ದು 1847ರ ಜೂನ್ 28ರಂದು.

ಈ ತಾರೀಖನ್ನು ಓದಿದಾಗ ನನಗೆ ಮೊದಲು ಏನೂ ಅನಿಸಿರಲಿಲ್ಲ. ಆಮೇಲೆ ಒಂದು ಭಾನುವಾರ ಮಗಳ ಜೊತೆ ಕಾಲುವೆ ದಂಡೆಯಲ್ಲಿ ನಡೆಯುತ್ತಿದ್ದೆ. ಅವಳು ಮುಂದೆ ಓಡಿ ಹೋದವಳು ಒಂದು ಕಡೆ ನಿಂತಳು. "ಅಮ್ಮಾ, ಇಲ್ಲಿ ಯಾರೋ ಶೂ ಬಿಟ್ಟು ಹೋಗಿದಾರೆ."

ಕಂಚಿನಲ್ಲಿ ಎರಕ ಹೊಯ್ದ ಶೂ. ಒಂದೇ ಒಂದು ಜೊತೆ, ಮಕ್ಕಳದ್ದು. ಚರ್ಮ ಸುಕ್ಕಾದ ಗುರುತು, ಬಾಯಿ ಬಿಟ್ಟುಕೊಂಡ ಅಂಚು, ಎಲ್ಲವೂ ಹಾಗ್ಹಾಗೇ ಮೂಡಿದೆ. ಎರಡನ್ನೂ ಸೇರಿಸಿ ಕಟ್ಟಿದ ಹಾಗಿದೆ. ಮಗಳು ಗೇಣು ಹಾಕಿ ಅಳೆದಳು, ನನ್ನ ಗೇಣಿಗಿಂತ ಚಿಕ್ಕದು. ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು. ಒಂದು ಶೂ ಒಳಗೆ ನೀರು ತುಂಬಿತ್ತು. ಅವಳು ಬೆರಳಿನಿಂದ ಅದನ್ನು ಹೊರಗೆ ಚೆಲ್ಲಿದಳು. ಯಾರದೋ ಕಾಲಿಗೆ ಒದ್ದೆ ಆಗಬಾರದು ಅನ್ನುವಂತೆ.

ಅದು ಕ್ಷಾಮದ ದಾರಿಯ ಗುರುತು. ಆಲೂಗಡ್ಡೆಗೆ ರೋಗ ಬಿದ್ದು ಐರ್ಲೆಂಡ್ ಹಸಿದು ಸತ್ತ ವರ್ಷಗಳು ಅವು. 1847ರ ಮೇ ತಿಂಗಳಲ್ಲಿ ರಾಸ್‌ಕಾಮನ್ ಕೌಂಟಿಯ ಸ್ಟ್ರೋಕ್ಸ್‌ಟೌನ್ ಎಸ್ಟೇಟಿನಿಂದ 1,490 ಒಕ್ಕಲು ಜನರನ್ನು ಜಮೀನ್ದಾರರು ಹೊರಗೆ ಕಳಿಸಿದರು. ಮುದುಕರು, ಮಕ್ಕಳು, ಎಲ್ಲರೂ. ಅವರು ಈ ಕಾಲುವೆಯ ದಂಡೆ ಹಿಡಿದು ಡಬ್ಲಿನ್‌ವರೆಗೂ ನಡೆದರು. ಅಲ್ಲಿಂದ ಲಿವರ್‌ಪೂಲ್, ಅಲ್ಲಿಂದ ಕೆನಡಾಕ್ಕೆ ಹಡಗು. ಹಡಗಿನಲ್ಲೇ, ಇಲ್ಲವೇ ದಡ ಮುಟ್ಟಿದ ಮೇಲೆ ಕಾಯಿಲೆ ಬಂದು, ತುಂಬಾ ಮಂದಿ ತೀರಿಹೋದರು. ಆ 165 ಕಿಲೋಮೀಟರ್ ಹಾದಿಯುದ್ದಕ್ಕೂ ಈಗ 30ಕ್ಕೂ ಹೆಚ್ಚು ಕಡೆ ಈ ಕಂಚಿನ ಶೂಗಳಿವೆ. ಅಚ್ಚಿಗೆ ಮಾದರಿ, ಪಾಳುಬಿದ್ದ ಒಂದು ಗುಡಿಸಲಿನ ಮಾಡಿನಲ್ಲಿ ಸಿಕ್ಕಿದ ನಿಜವಾದ ಒಂದು ಜೊತೆ.

ಮನೆಗೆ ಬಂದ ಮೇಲೆ ಎರಡು ತಾರೀಖುಗಳು ತಲೆಯಲ್ಲಿ ಒಟ್ಟಿಗೆ ಕೂತವು. ಮೇ 1847. ಜೂನ್ 28, 1847. ಅವರು ನಡೆದು ಹೋದದ್ದಕ್ಕೂ ಇಲ್ಲಿಗೆ ಮೊದಲ ರೈಲು ಬಂದದ್ದಕ್ಕೂ ನಡುವೆ ಇದ್ದದ್ದು ಕೆಲವೇ ವಾರ. ಹಳಿ ಹೆಚ್ಚು ಕಡಿಮೆ ಸಿದ್ಧವಾಗಿದ್ದ ಹೊತ್ತಿನಲ್ಲಿ, ಅದರ ಪಕ್ಕದಲ್ಲೇ, ಅಷ್ಟು ಜನ ಕಾಲೆಳೆದುಕೊಂಡು ಹೋಗಿದ್ದಾರೆ. ರೈಲು ಶುರುವಾಗಿದ್ದರೂ ಅವರಿಗೆ ಟಿಕೆಟ್ ತೆಗೆಸಿಕೊಡುತ್ತಿದ್ದರು ಅಂತ ನಾನು ನಂಬುವುದಿಲ್ಲ. ಆದರೂ ಬೆಳಿಗ್ಗೆ ಸೀಟು ಸಿಗಲಿಲ್ಲ ಅಂತ ಮುಖ ಗಂಟು ಹಾಕಿಕೊಳ್ಳುವಾಗ ಆ ಶೂ ನೆನಪಾಗುತ್ತದೆ.

ಸೀಟು ಸಿಗದೇ ಇರುವುದು ಮಾತ್ರ ನಿಜ. ಮೇನೂತ್‌ನಲ್ಲಿ ಹತ್ತುವವರಿಗೆ ಹೇಗೋ ಸಿಗುತ್ತದೆ, ಎಷ್ಟೋ ರೈಲುಗಳು ಇಲ್ಲಿಂದಲೇ ಹೊರಡುತ್ತವೆ. ಲೀಕ್ಸ್‌ಲಿಪ್‌ನಲ್ಲಿ ಎರಡು ಸ್ಟೇಷನ್, ಅಲ್ಲಿಗೆ ಬೋಗಿ ತುಂಬಿತು. ಕ್ಲಾನ್ಸಿಲ್ಲಾ ದಾಟಿದ ಮೇಲೆ ಬಾಗಿಲ ಹತ್ತಿರ ನಿಂತವರು ಒಬ್ಬರ ಬ್ಯಾಗಿಗೆ ಒಬ್ಬರು ಒರಗಿಕೊಂಡೇ ಹೋಗಬೇಕು. ಒಂದು ವಾರ ಪೂರ್ತಿ ನಮ್ಮ ಬೆಳಗಿನ ರೈಲು ದಿನಾ ತಡವಾಗಿ, ನಾನು ಮೂರು ಮೀಟಿಂಗ್‌ಗಳಿಗೆ ನಿಂತುಕೊಂಡೇ ಫೋನಿನಲ್ಲಿ ಮಾತಾಡಿದೆ. ಆ ವಾರ ನನಗೂ ಸಿಟ್ಟು ಬಂದಿತ್ತು.

ಆ ಗುಂಪಿನಲ್ಲಿ ಕಿಟಕಿ ಪಕ್ಕ ನಿಲ್ಲುವ ಜಾಗ ಸಿಕ್ಕರೆ ನಾನು ಎರಡು ಕಡೆ ತಪ್ಪದೆ ಹೊರಗೆ ನೋಡುತ್ತೇನೆ. ಒಂದು, ಪೋರ್ಟರ್ಸ್‌ಟೌನ್ ಹತ್ತಿರ. ಅಲ್ಲಿ ಕಾಲುವೆಯನ್ನು ಬಂಡೆಯೊಳಗೆ ಕಡಿದಿದ್ದಾರೆ. ನೀರು ತೀರಾ ಕೆಳಗೆ, ಇಕ್ಕಟ್ಟಾಗಿ, ಕಪ್ಪಗೆ. ಕುದುರೆ ನಡೆಯುವ ದಾರಿ ಮೇಲೆಲ್ಲೋ. ಡೀಪ್ ಸಿಂಕಿಂಗ್ ಅಂತ ಕರೆಯುತ್ತಾರೆ. 1845ರ ನವೆಂಬರ್ 25ರ ಸಂಜೆ ಲಾಂಗ್‌ಫರ್ಡ್ ಅನ್ನುವ ಪ್ರಯಾಣಿಕರ ದೋಣಿ ಅಲ್ಲಿ ದಡಕ್ಕೆ ತಾಗಿ ಮಗುಚಿ 15 ಜನ ಸತ್ತರು. ಸಂಜೆ ಕತ್ತಲಲ್ಲಿ ಮನೆಗೆ ಹೊರಟವರು ಅವರೂ.

ಇನ್ನೊಂದು, ಡಬ್ಲಿನ್ ಹತ್ತಿರ ಬಂದಾಗ ಬ್ರೂಮ್‌ಬ್ರಿಡ್ಜ್. 1843ರ ಅಕ್ಟೋಬರ್ 16ರಂದು ವಿಲಿಯಂ ರೋವನ್ ಹ್ಯಾಮಿಲ್ಟನ್ ಅನ್ನುವ ಗಣಿತಜ್ಞರು ಹೆಂಡತಿಯ ಜೊತೆ ಈ ಕಾಲುವೆ ದಂಡೆಯಲ್ಲಿ ನಡೆದು ಹೋಗುತ್ತಿದ್ದರು. ಎಷ್ಟೋ ವರ್ಷದಿಂದ ಬಿಡಿಸಲಾಗದೆ ಒದ್ದಾಡುತ್ತಿದ್ದ ಲೆಕ್ಕ ಆ ಸೇತುವೆ ಹತ್ತಿರ ಫಕ್ಕನೆ ಹೊಳೆಯಿತು. ಕಿಸೆಯ ಚಾಕು ತೆಗೆದು ಸೇತುವೆಯ ಕಲ್ಲಿನ ಮೇಲೆ ಸೂತ್ರ ಕೆತ್ತಿದರು. ಕ್ವಾಟರ್ನಿಯನ್ ಅಂತಾರೆ ಅದನ್ನು, ನಾಲ್ಕು ಭಾಗ ಇರುವ ಒಂದು ಬಗೆಯ ಸಂಖ್ಯೆ. ಈಗ ನಾವು ನೋಡುವ ತ್ರೀ-ಡಿ ಗ್ರಾಫಿಕ್ಸ್‌ನಲ್ಲಿ, ಉಪಗ್ರಹ ಯಾವ ಕಡೆ ತಿರುಗಿದೆ ಅಂತ ಲೆಕ್ಕ ಹಾಕುವಲ್ಲಿ ಅದೇ ಬಳಕೆಯಾಗುತ್ತದೆ. ಕೆತ್ತಿದ್ದು ಅಳಿಸಿ ಹೋಗಿದೆ, ಫಲಕ ಒಂದಿದೆ. ಪ್ರತಿ ವರ್ಷ ಅದೇ ದಿನ ಡನ್ಸಿಂಕ್ ವೀಕ್ಷಣಾಲಯದಿಂದ ಆ ಸೇತುವೆವರೆಗೆ ಜನ ನಡೆದು ಹೋಗುತ್ತಾರೆ. ಅದನ್ನು ನಡೆಸುವವರು ನಮ್ಮ ಮೇನೂತ್ ವಿಶ್ವವಿದ್ಯಾಲಯದ ಗಣಿತದವರು. ನಡಿಗೆಯ ವೇಗದಲ್ಲಿ ಇರುವ ಜಾಗಗಳಲ್ಲಿ ಮಾತ್ರ ಇಂಥದ್ದು ಹೊಳೆಯುತ್ತದೆ ಅಂತ ನನ್ನ ಗಟ್ಟಿ ನಂಬಿಕೆ.

ಸರಿ, ಸ್ಟೇಷನ್ನಿಗೆ ವಾಪಸು ಬರುತ್ತೇನೆ. ಈಗ ಇಷ್ಟು ಗಿಜಿಗುಡುವ ಈ ಸ್ಟೇಷನ್ ಒಂದು ಕಾಲಕ್ಕೆ ಮುಚ್ಚಿತ್ತು ಅಂದರೆ ನಂಬುವುದು ಕಷ್ಟ. 1963ರಲ್ಲಿ ಮುಚ್ಚಿದರು. ಊರು ಸಣ್ಣದು, ಹತ್ತುವವರು ಕಡಿಮೆ, ಕಾರು ಬಸ್ಸು ಬಂದಿವೆ, ಇನ್ನು ಈ ಸ್ಟೇಷನ್ ಯಾಕೆ ಅನ್ನುವ ಕಾಲ ಅದು. ಹಳಿ ಮಾತ್ರ ಇತ್ತು. ಡಬ್ಲಿನ್‌ನಿಂದ ಸ್ಲೈಗೋಗೆ ಹೋಗುವ ರೈಲುಗಳು ಇದೇ ದಾರಿಯಲ್ಲಿ ಓಡುತ್ತಿದ್ದವು. ಅಂದರೆ 18 ವರ್ಷ ಈ ಊರಿನ ಮಧ್ಯೆ ರೈಲು ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಆಗ ಇಲ್ಲಿ ಬೆಳೆದ ಮಕ್ಕಳು ದಂಡೆ ಮೇಲೆ ನಿಂತು ಕೈ ಬೀಸಿರಬಹುದು ಅಲ್ವಾ? ಇದನ್ನು ನೆನೆದಾಗಲೆಲ್ಲ ನನಗೆ ಒಂಥರಾ ಸಂಕಟ. ರೈಲೇ ಇಲ್ಲದ ಊರಾದರೆ ಬೇರೆ ಮಾತು.

ಕಾಲುವೆಗೂ ಅದೇ ಗತಿ ಬಂದಿತ್ತು, ಎರಡು ವರ್ಷ ಮುಂಚೆ. 1961ರಲ್ಲಿ ದೋಣಿ ಸಂಚಾರಕ್ಕೆ ಮುಚ್ಚಿದರು. ಲಾಕಿನ ಬಾಗಿಲುಗಳು ಕೊಳೆತವು, ನೀರಿನ ತುಂಬ ಕಳೆ, ಕೆಲವು ಕಡೆ ದೋಣಿ ನುಸುಳಲಾಗದಂಥ ತಗ್ಗಿನ ಸೇತುವೆ ಕಟ್ಟಿ ರಸ್ತೆ ಹಾಕಿಬಿಟ್ಟರು. ಆದರೆ 1974ರಲ್ಲಿ ಕೆಲವರು ಸೇರಿ ರಾಯಲ್ ಕೆನಾಲ್ ಅಮೆನಿಟಿ ಗ್ರೂಪ್ ಅಂತ ಒಂದು ಸಂಘ ಕಟ್ಟಿದರು. ಸಂಬಳದ ಕೆಲಸ ಅಲ್ಲ. ರಜಾ ದಿನ ಬಂದು ಕಳೆ ಕಿತ್ತರು, ಹೂಳೆತ್ತಿದರು, ಬಾಗಿಲು ಮಾಡಿಸಲು ಓಡಾಡಿದರು. ಆಮೇಲೆ ಸರ್ಕಾರವೂ ಜೊತೆಗೆ ಬಂತು. 2010ರ ಅಕ್ಟೋಬರ್‌ನಲ್ಲಿ ಡಬ್ಲಿನ್‌ನಿಂದ ಶ್ಯಾನನ್‌ವರೆಗೂ ಮತ್ತೆ ದೋಣಿ ಹೋಗುವಂತಾಯಿತು. ಶುರು ಮಾಡಿ 36 ವರ್ಷ! ಮೊದಲ ದಿನ ಹಾರೆ ಹಿಡಿದವರಲ್ಲಿ ಎಷ್ಟು ಜನ ಆ ದಿನ ನೋಡಿದರೋ. ಯಾರೂ ಪರಿಚಯವಿಲ್ಲದ ಅವರ ಮೇಲೆ ನನಗೆ ಇರುವ ಗೌರವ ಬಹಳ ದೊಡ್ಡದು.

ಸ್ಟೇಷನ್ ಅದಕ್ಕಿಂತ ಬೇಗ ಎದ್ದಿತು, 1981ರಲ್ಲಿ. ಮೊದಲಿದ್ದ ಜೋಡಿ ಹಳಿಯಲ್ಲಿ ಒಂದನ್ನು ಹಿಂದೆಯೇ ಕಿತ್ತಿದ್ದರು. ಜನ ಜಾಸ್ತಿಯಾದ ಮೇಲೆ 2000ದ ಹೊತ್ತಿಗೆ ಕ್ಲಾನ್ಸಿಲ್ಲಾದಿಂದ ಮೇನೂತ್‌ವರೆಗೆ ಎರಡನೇ ಹಳಿ ಮತ್ತೆ ಹಾಕಿದರು. ಕ್ಲಾನ್ಸಿಲ್ಲಾದಿಂದ ಡನ್‌ಬಾಯ್ನ್ ಕಡೆ ಹೋಗುತ್ತಿದ್ದ ಕವಲು ಪೂರ್ತಿ ಹೋಗಿತ್ತು, ಅದನ್ನೂ 2010ರಲ್ಲಿ ಹೊಸದಾಗಿ ಹಾಕಿದರು.

ಇದೆಲ್ಲ ಆದದ್ದು ಹೇಗೆ ಅಂದರೆ, ಜಾಗ ಉಳಿದಿತ್ತು. ನನಗೆ ಹೇಳಬೇಕಾದದ್ದು ಇದೇ. ಮುಚ್ಚಿದರೂ ಮಾರಿರಲಿಲ್ಲ, ಮನೆ ಕಟ್ಟಿರಲಿಲ್ಲ. ಹಳಿ ಕಿತ್ತ ಜಾಗದಲ್ಲಿ ಹುಲ್ಲು ಬೆಳೆದರೆ ನಷ್ಟವಿಲ್ಲ, ಹುಲ್ಲು ಕಾಯುತ್ತದೆ. ಅದೇ ಡಬ್ಲಿನ್‌ನ ಬ್ರಾಡ್‌ಸ್ಟೋನ್ ಕಡೆಗೆ ಹೋಗುತ್ತಿದ್ದ ಕಾಲುವೆಯ ಕವಲನ್ನು ಮಣ್ಣು ತುಂಬಿ ಮುಚ್ಚಿದರು. ಈಗ ಅಲ್ಲಿ ಉದ್ದನೆಯ ಪಾರ್ಕ್ ಇದೆ, ಮರಗಳು ಚೆನ್ನಾಗಿವೆ. ಆದರೆ ನೀರು ಇನ್ನು ಬರುವುದಿಲ್ಲ. ಒಂದು ಊರಿಗೆ ಐವತ್ತು ವರ್ಷದ ಮೇಲೆ ಏನು ಬೇಕಾಗುತ್ತದೆ ಅಂತ ಇವತ್ತಿನ ಲೆಕ್ಕದಲ್ಲಿ ತಿಳಿಯುವುದಿಲ್ಲ. 1963ರಲ್ಲಿ ಯಾರಿಗೆ ಗೊತ್ತಿತ್ತು?

ಮೇನೂತ್ ಬೆಳೆದ ರೀತಿ ನೋಡಿ. 2016ರ ಜನಗಣತಿಯಲ್ಲಿ 14,585 ಜನ. 2022ರಲ್ಲಿ 17,259. ಆರೇ ವರ್ಷದಲ್ಲಿ ಇಷ್ಟು. 1795ರಲ್ಲಿ ಶುರುವಾದ ಸೇಂಟ್ ಪ್ಯಾಟ್ರಿಕ್ಸ್ ಕಾಲೇಜಿನ ಊರು ಇದು, ಮೊದಲು ಪಾದ್ರಿಗಳಾಗಲು ಓದುವವರ ಊರು. ಈಗ ವಿಶ್ವವಿದ್ಯಾಲಯಕ್ಕೆ ಬರುವ ಹುಡುಗ ಹುಡುಗಿಯರು ಬೆಳಿಗ್ಗೆ ಡಬ್ಲಿನ್ ಕಡೆಯಿಂದ ಇಳಿಯುತ್ತಾರೆ, ನಾವು ಅದೇ ರೈಲಿಗೆ ಹತ್ತುತ್ತೇವೆ. ಕಾಲುವೆಯ ಸಣ್ಣ ಸೇತುವೆ ಮೇಲೆ ಎರಡು ಹೊಳೆ ಎದುರುಬದುರು ಬಂದ ಹಾಗೆ. ಲೀಕ್ಸ್‌ಲಿಪ್‌ನಲ್ಲಿ ಇಂಟೆಲ್ ಬಂದ ಮೇಲೆ ಈ ಸುತ್ತಿನಲ್ಲಿ ಬೇರೆ ಬೇರೆ ದೇಶದವರೂ ನೆಲೆಸಿದ್ದಾರೆ. ಸಂಜೆ ರೈಲಿನಲ್ಲಿ ಕಿವಿಗೆ ಒಮ್ಮೊಮ್ಮೆ ಕನ್ನಡವೂ ಬೀಳುತ್ತದೆ.

ಇನ್ನು ಮುಂದೆ ಇಲ್ಲಿಗೆ ಕರೆಂಟಿನ ರೈಲು ಬರಬೇಕು. ಡಾರ್ಟ್ ಪ್ಲಸ್ ವೆಸ್ಟ್ ಅಂತ ಯೋಜನೆ. ಮೇನೂತ್‌ವರೆಗೂ ಮೇಲೆ ವೈರು, ಗಂಟೆಗೆ ಒಂದು ದಿಕ್ಕಿನಲ್ಲಿ ಈಗ ಹೋಗಬಹುದಾದ 5,000 ಜನರ ಬದಲು 13,200 ಜನ ಹೋಗುವಂತೆ. 2024ರಲ್ಲಿ ಅನುಮತಿ ಸಿಕ್ಕಿತು. ಊರಿನ ಪಶ್ಚಿಮಕ್ಕೆ ಕಟ್ಟಬೇಕಿದ್ದ ಡಿಪೋಗೆ ಮಾತ್ರ ಸಿಗಲಿಲ್ಲ, ಅಲ್ಲಿ ನೆರೆ ಬರುವ ಭಯ. ಕಾಲುವೆ ದಂಡೆಯ ಜನರಲ್ಲಿ ಇದರ ಬಗ್ಗೆ ಎರಡು ಮನಸ್ಸು ಇದೆ. ರಸ್ತೆ ಹಳಿ ದಾಟುವ ಕಡೆಯ ಗೇಟುಗಳು ಕಾಯಂ ಮುಚ್ಚುತ್ತವೆ, ಕಂಬಗಳು ಏಳುತ್ತವೆ, ಹಳೆಯ ಕಲ್ಲಿನ ಸೇತುವೆಗಳ ಪಕ್ಕ ಕೆಲಸ ನಡೆಯುತ್ತದೆ. ನನಗೂ ಹಂಸಗಳ ಯೋಚನೆ ಇದೆ. ಆದರೂ ನಾನು ವೈರು ಬರಲಿ ಅನ್ನುವವಳು. ಬಾಗಿಲಿಗೆ ಒತ್ತಿಕೊಂಡು ನಿಂತ ಗರ್ಭಿಣಿಯೊಬ್ಬರಿಗೆ ಜಾಗ ಮಾಡಿಕೊಡಲು ನಾಲ್ಕು ಜನ ಉಸಿರು ಬಿಗಿಹಿಡಿದು ಸರಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾಲುವೆಗೆ ಪೆಟ್ಟಾಗದಂತೆ ಕೆಲಸ ಮಾಡಲಿ, ಸ್ವಲ್ಪ ನಿಧಾನವಾದರೂ ಆಗಲಿ. 1845ರಲ್ಲಿ ಆ ಷರತ್ತು ಬರೆದವರಿಗೆ ಆದದ್ದು ಈಗಿನವರಿಗೂ ಆಗಬೇಕು.

ಮೊನ್ನೆ ಸಂಜೆ ಬೇಗ ಇಳಿದೆ. ರೈಲಿನ ಕೊನೆ ಸ್ಟೇಷನ್ ಇದೇ ಆದ್ದರಿಂದ ಎಲ್ಲರೂ ಇಳಿದರು. ಡ್ರೈವರ್ ತಮ್ಮ ಬ್ಯಾಗು ಹೆಗಲಿಗೆ ಹಾಕಿಕೊಂಡು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದು ಹೋದರು. ಹಿಂದಿದ್ದದ್ದು ಮುಂದಾಯಿತು, ರೈಲು ಮತ್ತೆ ಡಬ್ಲಿನ್‌ಗೆ ಮುಖ ಮಾಡಿತು.

ಸೇತುವೆ ಮೇಲೆ ಮಗಳು, ನನ್ನ ಗಂಡ ಕಾಯುತ್ತಿದ್ದರು. "ಒಂದೈದು ನಿಮಿಷ ನಿಲ್ಲೋಣ ಅಮ್ಮಾ, ದೊಡ್ಡ ರೈಲು ಬರುತ್ತೆ" ಅಂದಳು. ದೊಡ್ಡ ರೈಲು ಅಂದರೆ ಸ್ಲೈಗೋ ರೈಲು. ನಿಂತೆವು. ಹಾರ್ಬರ್ ಕಡೆಯಿಂದ ಹಂಸಗಳು ತೇಲಿ ಬಂದು ಸೇತುವೆ ಕೆಳಗೆ ಹೋದವು. ಡಬ್ಲಿನ್ ಕಡೆ ತಿರುವಿನಲ್ಲಿ ದೀಪ ಕಾಣಿಸಿತು, ಆಮೇಲೆ ಸದ್ದು. ಅವಳು ಕಂಬಿಯ ಮೇಲೆ ಹೊಟ್ಟೆ ಒತ್ತಿ ಬಗ್ಗಿ ಕೈ ಬೀಸಿದಳು. ಬೋಗಿಗಳು ಒಂದೊಂದಾಗಿ ಸರಿದು ಬಂದವು, ನಿಧಾನವಾದವು, ನಿಂತವು. ಬಾಗಿಲು ತೆರೆಯಿತು.